ಒಂದೇ ಉಪವಾಸ, ಬೇರೆ ಬೇರೆ ಮೈ

ಶಿವರಾತ್ರಿಯ ದಿನ ಬೋರನಕಣಿವೆಯ ಸುತ್ತಿನ ತೋಟದ ಮನೆಗಳಲ್ಲಿ ಮುದ್ದೆ ತೊಳಸುವ ಕೋಲಿಗೆ ಬಿಡುವು. ಸುವರ್ಣಮುಖಿ ಹೊಳೆಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಈ ಜಲಾಶಯದ ಆಸುಪಾಸಿನಿಂದ ಹಿಡಿದು ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆವರೆಗೆ ಹಬ್ಬಿದ ತೆಂಗಿನ ಸೀಮೆಯಲ್ಲಿ ಉಪವಾಸವೆಂದರೆ ವರ್ಷಕ್ಕೊಮ್ಮೆ ಬಂದುಹೋಗುವ ಸಂಗತಿಯಲ್ಲ. ಸೋಮವಾರ ಒಪ್ಪೊತ್ತು ಇರುವವರಿದ್ದಾರೆ. ಶನಿವಾರ ರಾತ್ರಿ ಊಟ ಬಿಡುವವರಿದ್ದಾರೆ. ಸಾಯಿಬಾಬಾ ಹೆಸರಿನಲ್ಲಿ ಗುರುವಾರ ಹಿಡಿದವರು, ಏಕಾದಶಿ ತಪ್ಪಿಸದ ಅಜ್ಜಿಯರು, ರಂಜಾನಿನ ತಿಂಗಳಿಡೀ ಹಗಲು ಹನಿ ನೀರೂ ಮುಟ್ಟದವರು ಎಲ್ಲರೂ ಒಂದೇ ಬೀದಿಯಲ್ಲಿ ಸಿಗುತ್ತಾರೆ. ಈಚೆಗೆ ಇವರ ಜೊತೆಗೆ ಇನ್ನೊಂದು ಗುಂಪು ಸೇರಿಕೊಂಡಿದೆ: ಮೊಬೈಲಿನಲ್ಲಿ ವಿಡಿಯೊ ನೋಡಿ, ತೂಕ ಇಳಿಸಲೆಂದು ಹದಿನಾರು ಗಂಟೆ ಹೊಟ್ಟೆ ಖಾಲಿ ಬಿಡುವವರು.

ಒಂದೇ ಮನೆಯ ಇಬ್ಬರನ್ನು ಊಹಿಸಿಕೊಳ್ಳೋಣ. ಅಣ್ಣನಿಗೆ ಕಾಯಿ ಸುಲಿಯುವ ಕೆಲಸ, ಐವತ್ತು ಕಿಲೋ ದಾಟದ ಒಣ ಮೈ. ತಮ್ಮನಿಗೆ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ, ತೊಂಬತ್ತು ಕಿಲೋ ತೂಕ, ದಿನಕ್ಕೊಂದು ಬಿಪಿ ಮಾತ್ರೆ. ಇಬ್ಬರೂ ಶಿವರಾತ್ರಿಗೆ ನಿಟ್ಟುಪವಾಸ. ಸಂಜೆಯ ಹೊತ್ತಿಗೆ ಅಣ್ಣನ ಕೈ ಸಣ್ಣಗೆ ನಡುಗುತ್ತದೆ, ಎದೆ ಡವಡವ ಎನ್ನುತ್ತದೆ, ಮಾತಿಗೆ ಮುಂಚೆ ಸಿಟ್ಟು ಬರುತ್ತದೆ. ತಮ್ಮ ಹಸಿವೇ ಇಲ್ಲದವನಂತೆ ಭಜನೆಗೆ ಕೂತಿರುತ್ತಾನೆ. ಆದರೆ ನಡುರಾತ್ರಿ ಮಂಗಳಾರತಿಗೆಂದು ದಡಕ್ಕನೆ ಎದ್ದಾಗ ಅವನಿಗೆ ಕಣ್ಣು ಕತ್ತಲೆ ಬಂದು ಕಂಬ ಹಿಡಿದುಕೊಳ್ಳಬೇಕಾಗುತ್ತದೆ.

‘ಯಾಕ್ಲಾ, ಏನಾಯ್ತು?’

‘ಏನಿಲ್ಲ ಕಣಣ್ಣ, ವಸಿ ತಲೆ ತಿರುಗ್ದಂಗಾಯ್ತು.’

ಬಿಟ್ಟದ್ದು ಅದೇ ಊಟ, ಕಳೆದದ್ದು ಅಷ್ಟೇ ಗಂಟೆ. ಒಬ್ಬನ ನರಗಳು ಚುರುಕಾಗಿ ಕಾಡಿದವು, ಇನ್ನೊಬ್ಬನವು ಎದ್ದು ನಿಂತ ಗಳಿಗೆಯಲ್ಲಿ ಕೈಕೊಟ್ಟವು. ಇದನ್ನು ಭಕ್ತಿಯ ಹೆಚ್ಚುಕಡಿಮೆ ಎಂದೋ, ‘ಅವನಿಗೆ ತಾಳ್ಮೆ ಸಾಲದು’ ಎಂದೋ ತಳ್ಳಿಹಾಕುವುದು ಸುಲಭ. ಶರೀರಶಾಸ್ತ್ರ ಹಾಗೆ ತಳ್ಳಿಹಾಕಿಲ್ಲ. ಮೈಯಲ್ಲಿ ಎಷ್ಟು ಕೊಬ್ಬಿದೆ, ಎಷ್ಟು ಮಾಂಸಖಂಡವಿದೆ ಎಂಬುದರ ಮೇಲೆ ನರಮಂಡಲ ಉಪವಾಸವನ್ನು ಎದುರಿಸುವ ರೀತಿ ಬದಲಾಗುತ್ತದೆ ಎಂದು ಅದು ನಾಲ್ಕೈದು ದಶಕಗಳಿಂದ ಅಳೆದು ಹೇಳುತ್ತಿದೆ. ಆ ಅಳತೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಆ ಸಂಗತಿ ಕನ್ನಡದ ಓದುಗರಿಗೆ ತಲುಪಿರುವುದು ಮಾತ್ರ ಕಡಿಮೆ.

ಎದೆಬಡಿತ, ರಕ್ತದ ಒತ್ತಡ, ಬೆವರು, ಜೀರ್ಣ ಇವೆಲ್ಲ ನಾವು ಹೇಳದೆ ನಡೆಯುವ ಕೆಲಸಗಳು. ಇವನ್ನು ನೋಡಿಕೊಳ್ಳುವ ನರಗಳಲ್ಲಿ ಎರಡು ಬಣ. ಸಿಂಪಥೆಟಿಕ್ ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಸುರಿಸಿ ಎದೆಬಡಿತ ಏರಿಸುತ್ತವೆ, ರಕ್ತನಾಳ ಬಿಗಿ ಮಾಡುತ್ತವೆ, ಶೇಖರಿಸಿಟ್ಟ ಕೊಬ್ಬನ್ನು ಕರಗಿಸಲು ಅಪ್ಪಣೆ ಕೊಡುತ್ತವೆ. ಕಿಡ್ನಿಯ ತಲೆಯ ಮೇಲೆ ಕೂತ ಅಡ್ರಿನಲ್ ಗ್ರಂಥಿ ಇವುಗಳ ಜೊತೆಗಾರ. ಎರಡನೆಯದು ಪ್ಯಾರಾಸಿಂಪಥೆಟಿಕ್ ಬಣ. ಅದರ ಮುಖ್ಯ ನರ ವೇಗಸ್, ಮಿದುಳಿನ ಬುಡದಿಂದ ಹೊರಟು ಎದೆ ದಾಟಿ ಹೊಟ್ಟೆಯವರೆಗೆ ಇಳಿಯುತ್ತದೆ. ಎದೆಬಡಿತ ನಿಧಾನ ಮಾಡುವುದು, ಉಂಡದ್ದನ್ನು ಅರಗಿಸುವುದು ಅದರ ಪಾಲು. ಆರೋಗ್ಯವಂತರ ಎದೆಬಡಿತ ಗಡಿಯಾರದಂತೆ ಒಂದೇ ಸಮ ಇರುವುದಿಲ್ಲ, ಪ್ರತಿ ಉಸಿರಿಗೂ ಕೊಂಚ ಹಿಂದೆಮುಂದೆ ಆಗುತ್ತದೆ. ಆ ಏರಿಳಿತವನ್ನು ಇಸಿಜಿಯಲ್ಲಿ ಅಳೆದು ವೇಗಸ್ ಎಷ್ಟು ಚುರುಕಾಗಿದೆ ಎಂದು ಅಂದಾಜು ಮಾಡುತ್ತಾರೆ.

ಊಟ ಬಿಟ್ಟ ಮೊದಲ ದಿನ ನಡೆಯುವುದು ಹೀಗೆ. ಮೈ ತೂಕದಲ್ಲಿ ನೂರಕ್ಕೆ ಸುಮಾರು ಎರಡು ಪಾಲಷ್ಟೇ ಇರುವ ಮಿದುಳು ವಿಶ್ರಾಂತಿಯಲ್ಲಿ ಖರ್ಚಾಗುವ ಶಕ್ತಿಯಲ್ಲಿ ಐದನೇ ಒಂದು ಪಾಲನ್ನು ತಾನೇ ತಿನ್ನುತ್ತದೆ. ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಅದಕ್ಕೆ ಬೇಕು. ಪಿತ್ತಜನಕಾಂಗದಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಹೆಚ್ಚೆಂದರೆ ನೂರು ಗ್ರಾಮಿನ ಆಸುಪಾಸು. ಒಂದು ದಿನದೊಳಗೆ ಅದರ ಬಹುಪಾಲು ತೀರುತ್ತದೆ. ಆಮೇಲೆ ಎರಡೇ ದಾರಿ: ಮಾಂಸಖಂಡದ ಪ್ರೋಟೀನನ್ನು ಒಡೆದು ಗ್ಲೂಕೋಸ್ ಮಾಡಿಕೊಳ್ಳುವುದು, ಅಥವಾ ಕೊಬ್ಬನ್ನು ಕರಗಿಸಿ ಅದರಿಂದ ಕೀಟೋನ್ ಎಂಬ ಬದಲಿ ಇಂಧನ ತಯಾರಿಸುವುದು.

ಈ ಎರಡನೆಯ ದಾರಿಯಲ್ಲೇ ಅಣ್ಣ-ತಮ್ಮಂದಿರ ಲೆಕ್ಕ ಬೇರೆಯಾಗುವುದು. ತೆಂಗಿನ ಸೀಮೆಯವರಿಗೆ ಅಟ್ಟದ ಲೆಕ್ಕ ಹೇಳಿಕೊಡಬೇಕಿಲ್ಲ. ಕಿತ್ತ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಕಾದರೆ ಒಳಗೆ ನೀರು ಇಂಗಿ ಉಂಡೆ ಕೊಬ್ಬರಿ ಕಳಚಿಕೊಳ್ಳುತ್ತದೆ. ಅಟ್ಟ ತುಂಬಿರುವ ಮನೆಯವರು ಬೆಲೆ ಬಿದ್ದ ವರ್ಷವೂ ಕಾಯಬಲ್ಲರು. ನಾಲ್ಕು ಮೂಟೆಯ ಮನೆಯವರು ಬಂದ ಬೆಲೆಗೆ ಕೊಟ್ಟು ಮುಂದಿನ ತಿಂಗಳ ಚಿಂತೆಗೆ ಬೀಳುತ್ತಾರೆ. ಮೈಯ ಕೊಬ್ಬೂ ಹೀಗೆಯೇ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಅಣ್ಣನ ಮೈಯಲ್ಲಿ ಆರು ಕಿಲೋ ಕೊಬ್ಬು ಇದೆಯೆಂದರೆ ನಲವತ್ತಾರು ಸಾವಿರ ಕ್ಯಾಲೊರಿಯಷ್ಟೇ ಕೈಯಲ್ಲಿದ್ದಂತೆ. ತಮ್ಮನಲ್ಲಿ ಮೂವತ್ತು ಕಿಲೋ ಇದ್ದರೆ ಎರಡು ಲಕ್ಷದ ಮೂವತ್ತು ಸಾವಿರ. ಈ ದಾಸ್ತಾನು ಎಷ್ಟಿದೆಯೆಂಬ ಸುದ್ದಿ ಮಿದುಳಿಗೆ ದಿನವೂ ಮುಟ್ಟುತ್ತಿರುತ್ತದೆ. ಕೊಬ್ಬಿನ ಕಣಗಳೇ ಲೆಪ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಇದನ್ನು 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ತಂಡ ಪತ್ತೆಮಾಡಿತು. ಮಿದುಳಿನ ಹೈಪೊಥಾಲಮಸ್ ಈ ಲೆಪ್ಟಿನ್ ಮಟ್ಟವನ್ನು ಓದಿ, ಹಸಿವನ್ನೂ ನರಗಳ ಚುರುಕನ್ನೂ ಥೈರಾಯ್ಡನ್ನೂ ಸರಿಹೊಂದಿಸುತ್ತದೆ.

ತೆಳ್ಳಗಿನವರಲ್ಲಿ ಮೊದಲ ದಿನಗಳು ಹೇಗಿರುತ್ತವೆ ಎಂಬುದಕ್ಕೆ ವಿಯೆನ್ನಾದಲ್ಲಿ ನಡೆದ ಒಂದು ಅಧ್ಯಯನ ಚೆನ್ನಾಗಿ ಉತ್ತರ ಕೊಡುತ್ತದೆ. 2000ದಲ್ಲಿ ಪ್ರಕಟವಾದ ಅದರಲ್ಲಿ ಆರೋಗ್ಯವಂತರಾದ ಹನ್ನೊಂದು ಮಂದಿ ತೆಳು ಮೈಯವರು 84 ಗಂಟೆ ಊಟ ಬಿಟ್ಟಿದ್ದರು. ರಕ್ತದ ಸಕ್ಕರೆ ಇಳಿಯುತ್ತಾ ಹೋಯಿತು. ಆದರೆ ಮೈ ತಣ್ಣಗಾಗುವ ಬದಲು ವಿಶ್ರಾಂತಿಯಲ್ಲಿ ಉರಿಸುವ ಶಕ್ತಿ ಮೊದಲ ಮೂರು ದಿನ ಏರಿತು. ರಕ್ತದಲ್ಲಿನ ನಾರ್‌ಅಡ್ರಿನಲಿನ್ ನಾಲ್ಕನೆಯ ದಿನಕ್ಕೆ ಎರಡು ಪಟ್ಟಿಗೂ ಹೆಚ್ಚಾಗಿತ್ತು. ದಾಸ್ತಾನು ಕಡಿಮೆ ಇರುವ ಮೈ ಮೊದಲು ಗಾಬರಿಯಾಗುತ್ತದೆ. ಎಲ್ಲಿ ಆಹಾರ ಸಿಕ್ಕೀತು ಎಂದು ಹುಡುಕುವ ಎಚ್ಚರ ಹುಟ್ಟಿಸುತ್ತದೆ. ಅಣ್ಣನ ಕೈನಡುಕ, ಎದೆ ಡವಡವ, ಸಿಡಿಮಿಡಿ ಇವುಗಳ ಬೇರು ಇಲ್ಲೇ. ತೆಳು ಮೈಯವರಲ್ಲಿ ಕೀಟೋನ್ ಕೂಡ ಬೇಗ ಏರುತ್ತದೆ. ಅದರಲ್ಲೂ ಹೆಂಗಸರಲ್ಲಿ ಸಕ್ಕರೆ ಗಂಡಸರಿಗಿಂತ ಹೆಚ್ಚು ಕೆಳಗಿಳಿಯುತ್ತದೆ. ಮೂರು ದಿನದ ಉಪವಾಸದಲ್ಲಿ ಆರೋಗ್ಯವಂತ ಹೆಂಗಸರ ಸಕ್ಕರೆ 50ರ ಕೆಳಗೆ ಹೋದರೂ ಅವರು ಎಂದಿನಂತೆ ಓಡಾಡಿಕೊಂಡಿದ್ದದ್ದು ದಾಖಲಾಗಿದೆ. ಹೊರಗಿನವರಿಗೆ ಅಚ್ಚರಿ ಎನಿಸುವ ಅಜ್ಜಿಯರ ಏಕಾದಶಿಯ ಹಿಂದೆ ಈ ಕೀಟೋನಿನ ಒತ್ತಾಸೆಯೂ ಇದೆ.

ದಪ್ಪ ಮೈಯ ಕಥೆ ಬೇರೆ ಕಡೆಯಿಂದ ಶುರುವಾಗುತ್ತದೆ. 1977ರಲ್ಲಿ ಅಮೆರಿಕದ ಜೇಮ್ಸ್ ಯಂಗ್ ಮತ್ತು ಲೂಯಿಸ್ ಲ್ಯಾಂಡ್ಸ್‌ಬರ್ಗ್ ಇಲಿಗಳಿಗೆ ಊಟ ನಿಲ್ಲಿಸಿ, ಅವುಗಳ ಹೃದಯದ ಸಿಂಪಥೆಟಿಕ್ ನರಗಳು ಮಂಕಾಗುವುದನ್ನು ತೋರಿಸಿದರು. ಎರಡು ವರ್ಷ ಕಳೆದು, 1979ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ತೂಕ ಹೆಚ್ಚಿದ್ದವರಿಗೆ ಅರೆಹೊಟ್ಟೆಯ ಪಥ್ಯ ಕೊಟ್ಟು ನೋಡಿದ ತಂಡವೂ ಅಂಥದ್ದನ್ನೇ ಮನುಷ್ಯರಲ್ಲಿ ಕಂಡಿತು: ನಾರ್‌ಅಡ್ರಿನಲಿನ್ ಕುಟುಂಬದ ರಾಸಾಯನಿಕಗಳು ತಗ್ಗುತ್ತವೆ, ಬಿಪಿ ಅದರ ಜೊತೆಗೆ ಇಳಿಯುತ್ತದೆ. ಆ ತಂಡದಲ್ಲಿದ್ದ ಪ್ರಕಾಶ್ ಶೆಟ್ಟಿ ಆಮೇಲೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿಗೆ ಬಂದರು. ಉಣ್ಣಲು ಸಾಲದ ಮೈ ಹೇಗೆ ಬದುಕುತ್ತದೆ ಎಂಬುದರ ಬಗ್ಗೆ ಜಗತ್ತು ಗಮನಿಸುವಂಥ ಕೆಲಸ ಅಲ್ಲಿ ನಡೆಯಿತು.

ಅದೇ ಕಾಲೇಜಿನ ಶರೀರಶಾಸ್ತ್ರಜ್ಞ ಮಾರಿಯೊ ವಾಜ್ ಆಸ್ಟ್ರೇಲಿಯಾದ ಮರ್ರೆ ಎಸ್ಲರ್ ತಂಡದ ಜೊತೆ ಸೇರಿ 1997ರಲ್ಲಿ ಪ್ರಕಟಿಸಿದ ಅಧ್ಯಯನ ದಪ್ಪ ಮೈಯ ನರಗಳ ಒಳಗುಟ್ಟನ್ನು ಬಿಡಿಸಿತು. ಬಿಪಿ ಇಲ್ಲದ, ಆದರೆ ತೂಕ ಹೆಚ್ಚಿದ್ದವರ ಒಂದೊಂದು ಅಂಗದಿಂದ ರಕ್ತಕ್ಕೆ ಸೋರುವ ನಾರ್‌ಅಡ್ರಿನಲಿನ್ ಎಷ್ಟೆಂದು ಅವರು ಅಳೆದರು. ಕಿಡ್ನಿಗೆ ಹೋಗುವ ನರಗಳು ತೆಳ್ಳಗಿನವರಿಗಿಂತ ಎರಡು ಪಟ್ಟಿಗೂ ಮಿಕ್ಕಿ ದುಡಿಯುತ್ತಿದ್ದವು. ಹೃದಯದ ನರಗಳು ಮಾತ್ರ ತಗ್ಗಿದ್ದವು. ಹೀಗೆ ತಮ್ಮನ ಮೈ ಉಪವಾಸಕ್ಕೆ ಕೂರುವ ಮೊದಲೇ ಒಳಗೆ ಬಿಗಿದುಕೊಂಡಿರುತ್ತದೆ. ಊಟ ನಿಂತಾಗ ಇನ್ಸುಲಿನ್ ಇಳಿಯುತ್ತದೆ, ಕಿಡ್ನಿ ಹಿಡಿದಿಟ್ಟ ಉಪ್ಪನ್ನು ಬಿಡುತ್ತದೆ, ಉಪ್ಪಿನ ಜೊತೆ ನೀರೂ ಹೋಗುತ್ತದೆ, ಬಿಗಿದ ನರಗಳು ದಿನ ಕಳೆದಂತೆ ಸಡಿಲಾಗುತ್ತವೆ. ಮೊದಲ ವಾರ ತೂಕದ ಯಂತ್ರದ ಮೇಲೆ ನಿಂತು ‘ಮೂರು ಕಿಲೋ ಕರಗ್ತು’ ಎಂದು ಹಿಗ್ಗುವವರು ಕಳೆದುಕೊಂಡದ್ದರಲ್ಲಿ ದೊಡ್ಡ ಪಾಲು ಈ ನೀರೇ. ಬಿಪಿ ಇಳಿಯುವುದು ಒಳ್ಳೆಯದೇ. ಆದರೆ ಅದರ ಮೇಲೆ ಎಂದಿನ ಬಿಪಿ ಮಾತ್ರೆಯನ್ನೂ ನುಂಗಿದರೆ ಇಳಿತ ಎರಡು ಕಡೆಯಿಂದ ಆಗುತ್ತದೆ.

ಎದ್ದು ನಿಲ್ಲುವ ಆ ಕ್ಷಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೂತವರು ಎದ್ದಾಗ ಸಾಕಷ್ಟು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಜಾರುತ್ತದೆ. ಕುತ್ತಿಗೆಯ ಎರಡೂ ಬದಿಯ ದೊಡ್ಡ ರಕ್ತನಾಳದ ಗೋಡೆಯಲ್ಲಿ ಒತ್ತಡವನ್ನು ಗ್ರಹಿಸುವ ನರತುದಿಗಳಿವೆ. ಅವು ಕೂಡಲೇ ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಮರುಗಳಿಗೆಯಲ್ಲೇ ಸಿಂಪಥೆಟಿಕ್ ನರಗಳು ಕಾಲಿನ ರಕ್ತನಾಳಗಳನ್ನು ಬಿಗಿದು, ಎದೆಬಡಿತ ಏರಿಸಿ, ತಲೆಗೆ ರಕ್ತ ತಪ್ಪದಂತೆ ನೋಡಿಕೊಳ್ಳುತ್ತವೆ. ಮೈಯಲ್ಲಿ ನೀರು-ಉಪ್ಪು ಕಡಿಮೆಯಾಗಿ, ನರಗಳೂ ಮಂದವಾಗಿದ್ದರೆ ಈ ಕೆಲಸ ಕೊಂಚ ತಡವಾಗುತ್ತದೆ. ಆ ತಡವೇ ತಮ್ಮನಿಗೆ ಬಂದ ಕಣ್ಣುಕತ್ತಲೆ.

ಇಲ್ಲಿಯವರೆಗಿನ ಮಾತು ಕೇಳಿದರೆ ತೆಳ್ಳಗಿನವರ ನರಗಳು ಗಟ್ಟಿ, ದಪ್ಪಗಿನವರವು ದುರ್ಬಲ ಎನಿಸಬಹುದು. ಹಾಗಲ್ಲ ಎಂದು ತೋರಿಸಿದ್ದೂ ಸೇಂಟ್ ಜಾನ್ಸ್ ಕಾಲೇಜೇ. ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ದುಡಿದು ಬತ್ತಿದ ಮೈ ಬೇರೆ, ಚೆನ್ನಾಗಿ ಉಂಡು ತೆಳ್ಳಗಿರುವ ಮೈ ಬೇರೆ. ಅನುರಾ ಕುರ್ಪಾಡ್, ಪ್ರಕಾಶ್ ಶೆಟ್ಟಿ ಮತ್ತವರ ಜೊತೆಗಾರರು 1989ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ದೀರ್ಘಕಾಲ ಪೋಷಣೆ ಸಾಲದ ಗಂಡಸರ ಮೈ ಚಳಿಗೆ ತಕ್ಕಷ್ಟು ಶಾಖ ಹುಟ್ಟಿಸಲಾರದೆ ಹೋದದ್ದು ಕಂಡಿತು. 2003ರಲ್ಲಿ ವಾಜ್, ಸುಚರಿತಾ ಮುಂತಾದವರು ಇನ್ನೊಂದು ಹೆಜ್ಜೆ ಮುಂದೆ ಹೋದರು: ಬೇರೆ ಯಾವ ಕಾಯಿಲೆಯೂ ಇಲ್ಲದ, ಆದರೆ ಪೋಷಣೆ ಸಾಲದವರಲ್ಲಿ ಎದೆಬಡಿತದ ಆರೋಗ್ಯಕರ ಏರಿಳಿತವೂ, ಕುತ್ತಿಗೆಯ ಆ ಒತ್ತಡಗ್ರಾಹಿ ನರಗಳ ಸೂಕ್ಷ್ಮತೆಯೂ ಕುಗ್ಗಿದ್ದವು. ತೂಕದ ಎರಡೂ ಕೊನೆಗಳಲ್ಲಿ ನರಗಳ ಹಿಡಿತ ಸಡಿಲ ಎಂದಾಯಿತು. ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ಹೇಳುವ ಬಿಎಂಐ 18.5ಕ್ಕಿಂತ ಕಡಿಮೆ ಇದ್ದರೆ ವಯಸ್ಕರಲ್ಲಿ ಶಕ್ತಿಯ ಕೊರತೆ ಎಂದು ಹೇಳುವ ಅಳತೆಗೋಲನ್ನು ಜಗತ್ತಿಗೆ ವಿವರಿಸಿ 1994ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಗೆ ಪುಸ್ತಕ ಬರೆದವರೂ ಶೆಟ್ಟಿ ಮತ್ತು ಫಿಲಿಪ್ ಜೇಮ್ಸ್.

ಈ ಎರಡೂ ಕೊನೆಗಳು ನಮ್ಮಲ್ಲಿ ದೂರದೂರ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಸುಮಾರು ಶೇ 17ರಷ್ಟು ಮಂದಿ ತೂಕ ಸಾಲದವರು, ಸುಮಾರು ಶೇ 30ರಷ್ಟು ಮಂದಿ ತೂಕ ಮಿಕ್ಕವರು. ಒಂದೇ ಪಂಕ್ತಿಯಲ್ಲಿ ಕೂತು ಒಂದೇ ವ್ರತ ಹಿಡಿಯುವವರಲ್ಲಿ ಇಬ್ಬರೂ ಇರುತ್ತಾರೆ.

ವಿಜ್ಞಾನಿಗಳ ಫಲಿತಾಂಶಗಳೆಲ್ಲ ಒಂದೇ ಕಡೆ ಕೈತೋರಿಸುತ್ತವೆ ಎಂದೇನಿಲ್ಲ. ಲಿಥುವೇನಿಯಾದ ಸಂಶೋಧಕರು 2016ರಲ್ಲಿ ಹವ್ಯಾಸಿ ಭಾರ ಎತ್ತುವವರನ್ನು 48 ಗಂಟೆ ಉಪವಾಸ ಕೂರಿಸಿದಾಗ ಅವರ ಪ್ಯಾರಾಸಿಂಪಥೆಟಿಕ್ ನರಗಳು ಚುರುಕಾದವು, ಮನಸ್ಸಿನ ಕೆಲವು ಕೆಲಸಗಳು ಚೆನ್ನಾಗಿ ನಡೆದವು. ಸಿಟ್ಟು ಮಾತ್ರ ಏರಿತು. ಅದೇ ತಂಡ 2018ರಲ್ಲಿ ತೂಕ ಹೆಚ್ಚಿದ್ದ ಹೆಂಗಸರ ಮೇಲೆ ಎರಡು ದಿನದ ಉಪವಾಸ ನಡೆಸಿದಾಗ ಮೈಯಲ್ಲಿ ಒತ್ತಡದ ಲಕ್ಷಣ ಕಂಡವು, ಬುದ್ಧಿಯ ಕೆಲಸಕ್ಕೆ ಏನೂ ಆಗಲಿಲ್ಲ. ವಿಯೆನ್ನಾದ ತೆಳ್ಳಗಿನವರಲ್ಲಿ ಒತ್ತಡದ ರಾಸಾಯನಿಕ ಏರಿತ್ತು. ಲಿಥುವೇನಿಯಾದ ಗಟ್ಟಿಮುಟ್ಟು ಮೈಯವರ ಹೃದಯ ಶಾಂತವಾಯಿತು. ಒಂದು ಕಡೆ ಅಳೆದದ್ದು ರಕ್ತದಲ್ಲಿನ ನಾರ್‌ಅಡ್ರಿನಲಿನ್, ಇನ್ನೊಂದು ಕಡೆ ಎದೆಬಡಿತದ ಏರಿಳಿತ. ಗಂಟೆಗಳೂ ಬೇರೆ, ಗಂಡು-ಹೆಣ್ಣಿನ ವ್ಯತ್ಯಾಸವೂ ಸೇರಿದೆ, ಗುಂಪುಗಳೂ ಚಿಕ್ಕವು. ಹೀಗಾಗಿ ‘ಉಪವಾಸ ಮಾಡಿದರೆ ನರಗಳಿಗೆ ವಿಶ್ರಾಂತಿ’ ಎಂದು ಎಲ್ಲರಿಗೂ ಒಂದೇ ಮಾತು ಹೇಳುವ ವಿಡಿಯೊಗಳನ್ನು ನಂಬಲಾಗದು. ಯಾರ ಮೈ, ಎಷ್ಟು ಹೊತ್ತು, ಯಾವ ಮಾತ್ರೆ ಎಂದು ಕೇಳದೆ ಕೊಟ್ಟ ಸಲಹೆಗೆ ಬೆಲೆಯಿಲ್ಲ.

ಉಪವಾಸ ವಾರಗಳಿಗೆ ಬೆಳೆದಾಗ ಮೈಯ ದಾಸ್ತಾನು ಬದುಕು ಸಾವಿನ ಲೆಕ್ಕವಾಗುತ್ತದೆ. 1967ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಆಲಿವರ್ ಓವೆನ್, ಜಾರ್ಜ್ ಕಾಹಿಲ್ ಮುಂತಾದವರು ಐದಾರು ವಾರ ಉಪವಾಸವಿದ್ದ ಮೂವರು ದಪ್ಪ ಮೈಯವರ ಮಿದುಳಿಗೆ ಹೋಗುವ ಮತ್ತು ಅಲ್ಲಿಂದ ಬರುವ ರಕ್ತವನ್ನು ಪರೀಕ್ಷಿಸಿದರು. ಮಿದುಳು ಗ್ಲೂಕೋಸನ್ನು ಬಹುಪಾಲು ಬಿಟ್ಟು ಕೀಟೋನ್ ಮೇಲೆ ನಡೆಯುತ್ತಿತ್ತು. ಮಿದುಳಿಗೆ ಸಕ್ಕರೆಯೊಂದೇ ಗತಿ ಎಂಬ ಹಳೆಯ ಪಾಠ ಅಲ್ಲಿಗೆ ಮುಗಿಯಿತು. ಇದರಿಂದ ಮಾಂಸಖಂಡ ಉಳಿಯುತ್ತದೆ. ದಪ್ಪ ಮೈಯವರಲ್ಲಿ ಕೀಟೋನ್ ಏರುವುದು ತಡವಾದರೂ, ಏರಿದ ಮೇಲೆ ಅವರ ಪ್ರೋಟೀನ್ ಕಳೆದುಹೋಗುವ ವೇಗ ತೆಳ್ಳಗಿನವರಿಗಿಂತ ಕಡಿಮೆ. ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೆರಿ 1965–66ರಲ್ಲಿ ಆಸ್ಪತ್ರೆಯ ನಿಗಾದಲ್ಲಿ, ವಿಟಮಿನ್ ಮುಂತಾದವನ್ನು ತೆಗೆದುಕೊಳ್ಳುತ್ತಾ 382 ದಿನ ಊಟ ಬಿಟ್ಟು 207 ಕಿಲೋದಿಂದ 82 ಕಿಲೋಗೆ ಇಳಿದರು. 1981ರಲ್ಲಿ ಉತ್ತರ ಐರ್ಲೆಂಡಿನ ಜೈಲಿನಲ್ಲಿ ಉಪವಾಸ ಕೂತು ಸತ್ತ ಹತ್ತು ಮಂದಿ ಸಾಮಾನ್ಯ ಮೈಕಟ್ಟಿನ ಯುವಕರು. 46ರಿಂದ 73 ದಿನದೊಳಗೆ ಅವರ ಜೀವ ಹೋಯಿತು.

ತುರುವೇಕೆರೆಯ ಪಕ್ಕದ ಸೀಮೆಯೇ ಶ್ರವಣಬೆಳಗೊಳ. ಚಂದ್ರಗಿರಿಯ ಬಂಡೆಗಳ ಮೇಲೆ ಏಳನೆಯ ಶತಮಾನದಿಂದಲೂ ಆಹಾರ ಬಿಟ್ಟು ದೇಹ ತ್ಯಜಿಸುವ ಜೈನರ ಸಲ್ಲೇಖನ ವ್ರತದಲ್ಲಿ ಮುಡಿಪಿದವರ ಹೆಸರುಗಳಿವೆ. ಹೊಯ್ಸಳರ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆ 1131ರಲ್ಲಿ ಮಗಳು ತೀರಿಕೊಂಡ ಮೇಲೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಅನಶನವಿದ್ದು ದೇಹ ಬಿಟ್ಟಳೆಂದು ಅಲ್ಲಿನ ಶಾಸನ ಹೇಳುತ್ತದೆ. ಇತಿಹಾಸಕಾರ ಷ. ಶೆಟ್ಟರ್ ಈ ಶಾಸನಗಳನ್ನು ಕೂಲಂಕಷವಾಗಿ ಓದಿ ಪುಸ್ತಕಗಳನ್ನೇ ಬರೆದಿದ್ದಾರೆ. ಆ ವ್ರತದ ಉದ್ದೇಶವೇ ಬೇರೆ, ಅದನ್ನು ಪ್ರಯೋಗಶಾಲೆಯ ಮಾತಿನಲ್ಲಿ ತೂಗುವುದು ಸಲ್ಲ. ಆದರೂ ಆಹಾರವನ್ನು ಒಮ್ಮೆಗೇ ಬಿಡದೆ ಹಂತಹಂತವಾಗಿ ಇಳಿಸುವ ಅದರ ಕ್ರಮವನ್ನು ಶರೀರಶಾಸ್ತ್ರ ಓದಿದವರು ಗೌರವದಿಂದ ನೋಡಬೇಕು. ಮೈ ಕೀಟೋನಿಗೆ ಹೊಂದಿಕೊಳ್ಳಲು ಬೇಕಾದ ಕಾಲ ಅದರಲ್ಲಿ ಸಿಗುತ್ತದೆ.

ಒಣ ಮೈಯವರ ಉಪವಾಸವೆಂದರೆ ಗಾಂಧೀಜಿಯ ಹೆಸರು ಬಾರದೆ ಇರದು. 1927ರಲ್ಲಿ ಆಯಾಸದಿಂದ ಕುಸಿದು ನಂದಿ ಬೆಟ್ಟದಲ್ಲಿ ವಿಶ್ರಾಂತಿಗೆ ಬಂದಿದ್ದ ಅವರಿಗೆ ಮುಂದೆಯೂ ಬಿಪಿ ಕಾಡಿತು. 1937ರಲ್ಲಿ 194/130, 1940ರಲ್ಲಿ 220/110 ಎಂದು ದಾಖಲೆಗಳಿವೆ. ಬಿಪಿ ದಪ್ಪಗಿನವರ ಕಾಯಿಲೆ ಎಂದುಕೊಂಡವರು ಈ ಅಂಕಿ ನೋಡಬೇಕು. 1943ರ ಫೆಬ್ರವರಿ 10ರಿಂದ ಆಗಾಖಾನ್ ಅರಮನೆಯಲ್ಲಿ 21 ದಿನ ಉಪವಾಸ ಕೂತಾಗ ಅವರಿಗೆ 73 ವರ್ಷ, ತೂಕ ಐವತ್ತು ಕಿಲೋ ಒಳಗೆ. ನಡುವೆ ಜೀವಕ್ಕೇ ಸಂಚಕಾರ ಬಂದಾಗ ನೀರಿಗೆ ಮೋಸಂಬಿ ರಸ ಬೆರೆಸಿ ಕುಡಿಯಲು ಅವರು ಒಪ್ಪಿದರು. ಕನ್ನಡ ನಾಡಿನ ಏಕೀಕರಣಕ್ಕಾಗಿ 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕೂತಾಗಲೂ ಮೂರು ವಾರ ಕಳೆಯುವಷ್ಟರಲ್ಲಿ ಹುಬ್ಬಳ್ಳಿಯ ಜನ ಕಂಗಾಲಾಗಿದ್ದರು. ಅದಕ್ಕೆ ಕೆಲವೇ ತಿಂಗಳ ಹಿಂದೆ ಆಂಧ್ರಕ್ಕಾಗಿ ಪೊಟ್ಟಿ ಶ್ರೀರಾಮುಲು 58 ದಿನಕ್ಕೆ ಪ್ರಾಣ ಬಿಟ್ಟಿದ್ದ ನೆನಪು ಇನ್ನೂ ಹಸಿಯಾಗಿತ್ತು.

ಉಪವಾಸ ಸತ್ಯಾಗ್ರಹಿಗಳನ್ನು ನೋಡಿಕೊಳ್ಳುವ ವೈದ್ಯರಿಗೆ ಇರುವ ಒಂದು ಸೂತ್ರ ಇಲ್ಲಿ ನೆನಪಿಡುವಂಥದ್ದು. ಆರೋಗ್ಯವಂತ ತೆಳು ಮೈಯವರು ಮೂಲ ತೂಕದ ಶೇ 10ರಷ್ಟು ಕಳೆದುಕೊಂಡರೆ ನಿಕಟ ನಿಗಾ ಬೇಕು. ಶೇ 18ರ ಹೊತ್ತಿಗೆ ಗಂಭೀರ ತೊಂದರೆಗಳು ಶುರುವಾಗುತ್ತವೆ. ಐವತ್ತು ಕಿಲೋ ಅಣ್ಣನಿಗೆ ಆ ಮೊದಲ ಗಡಿ ಬರೀ ಐದು ಕಿಲೋ ದೂರದಲ್ಲಿದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ 36 ಮಂದಿ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದಾಗ ಅವರ ನಾಡಿ ಸರಾಸರಿ 55ರಿಂದ 35ಕ್ಕೆ ಇಳಿದಿತ್ತು. ಮೊದಲ ದಿನಗಳ ಡವಡವ ಕೊನೆಗೆ ಇಂಥ ಮಂದಗತಿಗೆ ತಿರುಗುತ್ತದೆ: ಚಳಿ ತಡೆಯಲಾಗದು, ನಡೆ ಭಾರ, ಮನಸ್ಸೆಲ್ಲ ಊಟದ ಮೇಲೆ.

ತೂಕದ ಯಂತ್ರವನ್ನೇ ನಂಬಿ ಕೂರುವುದಕ್ಕೂ ನಮ್ಮ ದೇಶದಲ್ಲಿ ಒಂದು ತೊಡಕಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತ ಒಂದು ಫೋಟೊವನ್ನು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಇಬ್ಬರ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರಲ್ಲಿ ಶೇ 21.2. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಅನುಸರಿಸಿದ ಜಿ.ವಿ. ಕೃಷ್ಣವೇಣಿ, ಕೆರೋಲಿನ್ ಫಾಲ್ ಮತ್ತಿತರರ ಅಧ್ಯಯನ ಇನ್ನೂ ಹಿಂದಕ್ಕೆ ಹೋಗಿ ನೋಡಿತು. ಇಂಗ್ಲೆಂಡಿನ ಮಕ್ಕಳಿಗಿಂತ ಚಿಕ್ಕದಾಗಿ ಹುಟ್ಟಿದ ಮೈಸೂರಿನ ಕೂಸುಗಳಲ್ಲಿ ಬೆನ್ನಿನ ಮೇಲಿನ ಕೊಬ್ಬು ಮಾತ್ರ ಹುಟ್ಟಿನಿಂದಲೇ ಕಡಿಮೆ ಇರಲಿಲ್ಲ. ನೋಡಲು ಅಣ್ಣನಂತೆ ತೆಳ್ಳಗಿದ್ದು, ಹೊಟ್ಟೆಯ ಸುತ್ತ ಕೊಬ್ಬು ತುಂಬಿ, ಒಳಗೆ ತಮ್ಮನ ನರಗಳನ್ನೇ ಇಟ್ಟುಕೊಂಡ ಮೂರನೆಯ ಬಗೆಯವರು ನಮ್ಮಲ್ಲಿ ಬಹಳ. ಅವರ ಸೊಂಟದ ಸುತ್ತಳತೆ ತೂಕಕ್ಕಿಂತ ಹೆಚ್ಚು ನಿಜ ಹೇಳುತ್ತದೆ.

ಇನ್ನು ನಾಳೆಯ ವ್ರತಕ್ಕೆ ಬೇಕಾದ ಮಾತು. ನೀರು ಕುಡಿಯಲು ಅಡ್ಡಿಯಿಲ್ಲದ ಉಪವಾಸದಲ್ಲಿ ಬರೀ ನೀರು ಸಾಲದು, ಉಪ್ಪು ಬೇಕು. ತೆಂಗಿನ ಸೀಮೆಯವರ ಕೈಗೆ ಮೊದಲು ಸಿಗುವುದು ಎಳನೀರು. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ತಲೆಸುತ್ತಿಗೆ ಉಪ್ಪು ಹಾಕಿದ ನೀರುಮಜ್ಜಿಗೆಯೂ ಜೊತೆಗೆ ಇದ್ದರೆ ಒಳ್ಳೆಯದು. ಕಿಡ್ನಿ ತೊಂದರೆ ಇದ್ದವರಿಗೆ, ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಬಗೆಯ ಬಿಪಿ ಮಾತ್ರೆ ತಿನ್ನುವವರಿಗೆ ಎಳನೀರಿನ ಪೊಟ್ಯಾಸಿಯಂ ಹೆಚ್ಚಾಗಿ ಹೃದಯಕ್ಕೇ ಕುತ್ತು ಬರಬಹುದು, ಅವರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆಯೋ ಇನ್ಸುಲಿನ್ನೋ ಹೊಟ್ಟೆ ಖಾಲಿ ಇದ್ದಾಗ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತವೆ. ಅಟೆನೊಲಾಲ್, ಮೆಟೊಪ್ರೊಲಾಲ್ ತಿನ್ನುವವರಲ್ಲಿ ಇನ್ನೊಂದು ಮೋಸವಿದೆ: ಆ ಮಾತ್ರೆಗಳು ಸಿಂಪಥೆಟಿಕ್ ನರಗಳ ಕೂಗನ್ನೇ ಅಡಗಿಸುವುದರಿಂದ ಸಕ್ಕರೆ ಇಳಿದಾಗ ಬರಬೇಕಾದ ನಡುಕ, ಡವಡವ ಕಾಣದೆ ಹೋಗಬಹುದು. ಬೆವರು ಮಾತ್ರ ಬರುತ್ತದೆ. ಉಪವಾಸದ ದಿನ ಕಾರಣವಿಲ್ಲದೆ ತಣ್ಣಗೆ ಬೆವತರೆ ಅದನ್ನು ಗಮನಿಸಬೇಕು. ಹತ್ತಾರು ವರ್ಷದ ಸಕ್ಕರೆ ಕಾಯಿಲೆ ಸ್ವಯಂಚಾಲಿತ ನರಗಳನ್ನೇ ತಿಂದುಹಾಕಿದ್ದರೆ ಎದ್ದು ನಿಂತಾಗಿನ ಕತ್ತಲೆ ಇನ್ನೂ ಜೋರು. ಶಿವರಾತ್ರಿಗೋ ರಂಜಾನಿಗೋ ವಾರದ ಮುಂಚೆ ವೈದ್ಯರ ಬಳಿ ಹೋಗಿ ‘ಸಾರ್, ಉಪಾಸ ಇರ್ತೀನಿ, ಮಾತ್ರೆ ಹೆಂಗೆ ತಗಳ್ಳಿ?’ ಎಂದು ಕೇಳುವುದಕ್ಕೆ ಸಂಕೋಚ ಪಡಬೇಕಿಲ್ಲ. ಪ್ರಮಾಣ ಇಳಿಸುವುದು, ಹೊತ್ತು ಬದಲಿಸುವುದು ಅವರ ಕೈಯಲ್ಲಿದೆ.

ಮರ ಹತ್ತಿ ಕಾಯಿ ಕೀಳುವವರ ಮಾತು ಬೇರೆಯೇ ಹೇಳಬೇಕು. ಅವರಲ್ಲಿ ಹೆಚ್ಚಿನವರು ಒಣ ಮೈಯವರು, ಬೆವರಿನಲ್ಲಿ ಉಪ್ಪು ಕಳೆದುಕೊಳ್ಳುವವರು. ಉಪವಾಸದ ದಿನ ಐವತ್ತು ಅಡಿ ಎತ್ತರದಲ್ಲಿ ಒಂದು ಕ್ಷಣ ಕಣ್ಣು ಮಂಜಾದರೆ ಹಿಡಿಯಲು ಯಾವ ಕಂಬವೂ ಇಲ್ಲ. ಆ ದಿನ, ಮರುದಿನ ಬೆಳಿಗ್ಗೆಯೂ ಸೇರಿ, ಮರ ಹತ್ತಿಸುವ ತೋಟದವರು ಕೆಲಸ ಮುಂದೂಡಿದರೆ ಕಾಯೇನೂ ಕೆಡುವುದಿಲ್ಲ.

ಉಪವಾಸ ಮುರಿಯುವಾಗಲೂ ತೂಕ ಲೆಕ್ಕಕ್ಕೆ ಬರುತ್ತದೆ. ಒಂದು ದಿನದ ವ್ರತ ಮುಗಿಸಿದವರು ತಂಬಿಟ್ಟು, ಕೋಸಂಬರಿ, ಬಾಳೆಹಣ್ಣು ತಿಂದರೆ ಏನೂ ಆಗದು. ವಾರ, ಎರಡು ವಾರ ಹೊಟ್ಟೆ ಖಾಲಿ ಬಿಟ್ಟವರು, ಮೊದಲೇ ಬತ್ತಿದ ಮೈಯವರು ಒಮ್ಮೆಗೇ ಪಾಯಸ, ಅನ್ನ ಉಂಡರೆ ಇನ್ಸುಲಿನ್ ಚಿಮ್ಮಿ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಕಣಗಳ ಒಳಗೆ ಸರಿಯುತ್ತವೆ. ಹೃದಯದ ತಾಳ ತಪ್ಪಬಹುದು. ಮೈಯಲ್ಲಿ ಥಯಾಮಿನ್ ಎಂಬ ಬಿ1 ವಿಟಮಿನ್ ಕೆಲವೇ ವಾರಕ್ಕಾಗುವಷ್ಟು ಮಾತ್ರ ಇರುತ್ತದೆ. ಅದು ತೀರಿದ ಮೈಗೆ ಸಕ್ಕರೆ ಬಿದ್ದರೆ ಮಿದುಳಿಗೇ ಏಟು: ಕಣ್ಣುಗುಡ್ಡೆ ಅತ್ತಿತ್ತ ಅದುರುವುದು, ನಡಿಗೆ ತೂರಾಡುವುದು, ನೆನಪು ಕಲಸುವುದು. ಈ ಒಂದು ವಿಷಯದಲ್ಲಿ ದಪ್ಪ ಮೈಯ ದಾಸ್ತಾನೂ ಕಾಪಾಡುವುದಿಲ್ಲ, ಏಕೆಂದರೆ ಕೊಬ್ಬಿನಲ್ಲಿ ಥಯಾಮಿನ್ ಕೂಡಿಡಲು ಬರುವುದಿಲ್ಲ. ದಿನಗಟ್ಟಲೆ ಉಪವಾಸ ಕೂತವರಿಗೆ ಆಸ್ಪತ್ರೆಯಲ್ಲಿ ಮೊದಲು ಬಿ1 ಚುಚ್ಚಿ, ಆಮೇಲೆ ಗಂಜಿ, ಹಣ್ಣಿನ ರಸ, ತೆಳು ಬೇಳೆಸಾರು ಎಂದು ಸ್ವಲ್ಪಸ್ವಲ್ಪವೇ ಕೊಡುತ್ತಾ, ಮೊದಲ ವಾರ ರಕ್ತ ಪರೀಕ್ಷೆ ಮಾಡಿಸುತ್ತಿರುವುದು ಇದೇ ಕಾರಣಕ್ಕೆ.